ಆನೆ ಕೆಡವಿದ ಕಾಂಪೌಂಡ್

ನಗರದ ಕೊನೆಯ ಬಡಾವಣೆ, ಅದರಾಚೆ ಅಭಯಾರಣ್ಯ. ನಡುವೆ ನಿಂತಿದ್ದ ಕಲ್ಲಿನ ಕಾಂಪೌಂಡನ್ನು ಆನೆಯೊಂದು ಕೆಡವಿ ಹೋಗಿತ್ತು. ಮನೆಯ ಯಜಮಾನರು ಫಾರೆಸ್ಟ್ ಗಾರ್ಡ್‌ನನ್ನು ಕರೆಸಿ ರೇಗುತ್ತಿದ್ದರು.

“ನಿಮ್ಮ ಆನೆ ನಮ್ಮ ಜಾಗಕ್ಕೆ ನುಗ್ಗಿದ್ರೆ ಕೇಳೋರೇ ಇಲ್ವೇನ್ರೀ?”

“ಗೋಡೆ ಹಳೇದಾ ಸಾರ್?”

“ಹೋದ ವರ್ಷದ್ದು. ಪಾಯದಿಂದ ಹಿಡಿದು ಒಂದೊಂದು ಕಲ್ಲೂ ನಾನೇ ಮುಂದೆ ನಿಂತು ಇಡಿಸಿದ್ದು.”

“ಹಂಗೇ ಬರ್ಕೊಳ್ಳಲಾ?”

“ಬರ್ಕೊಳ್ಳಿ. ಬೇಕಾದ್ರೆ ಸೈನ್ ಹಾಕ್ತೀನಿ.”

ಹಾಕಿಯೂ ಹಾಕಿದರು.

ಗಾರ್ಡ್ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. ಪಾಯದಿಂದ ಕಿತ್ತು ಬಂದಿದ್ದ ಉದ್ದನೆಯ ಕಲ್ಲೊಂದರ ಬಳಿ ಕೂತು, ಅದಕ್ಕೆ ಮೆತ್ತಿದ್ದ ಸಿಮೆಂಟನ್ನು ನಿಧಾನವಾಗಿ ಕೆರೆದ. ಕೆತ್ತಿದ ಅಕ್ಷರಗಳು ಕಂಡವು: ‘ಅರಣ್ಯದ ಗಡಿ, ಕಲ್ಲು ಸಂಖ್ಯೆ ೪೭.’