ಮಿಕ್ಕ ಮಾತ್ರೆಗಳು

ಇನ್ನೂ ಒಡೆಯದ ಆರು ಸ್ಟ್ರಿಪ್ ಮಾತ್ರೆಗಳನ್ನು ವಿಶಾಲಾಕ್ಷಿ ಔಷಧದಂಗಡಿಯವನ ಮುಂದಿಟ್ಟರು.

"ಬಿಲ್ ಹಳೇದಮ್ಮ, ವಾಪಸ್ ತಗೊಳ್ಳೋಕಾಗಲ್ಲ," ಎಂದ ಅವನು.

ಅವರಿಗೆ ಬೇಸರವೂ ಆಗಲಿಲ್ಲ. ಮಾತ್ರೆಗಳನ್ನು ಚೀಲಕ್ಕೆ ಹಾಕತೊಡಗಿದರು. ಪಕ್ಕದಲ್ಲಿ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಡಾಕ್ಟರ ಚೀಟಿ ಹಿಡಿದು ನಿಂತಿದ್ದಳು.

"ಅಣ್ಣ, ಎರಡು ದಿನದ್ದು ಮಾತ್ರ ಕೊಡ್ತೀರಾ? ಆಸ್ಪತ್ರೇಲಿ ಸಹಾಯಕ್ಕೆ ಅರ್ಜಿ ಹಾಕಿದೀನಿ, ಇನ್ನೂ ಪಾಸಾಗಿಲ್ಲ."

ಚೀಟಿಯಲ್ಲಿದ್ದ ಔಷಧದ ಹೆಸರು ವಿಶಾಲಾಕ್ಷಿಗೆ ಬಾಯಿಪಾಠವಾಗಿತ್ತು.

"ಇದೇ ಅಲ್ವೇನಪ್ಪ, ನೋಡು," ಎಂದು ಸ್ಟ್ರಿಪ್‌ಗಳನ್ನು ಮತ್ತೆ ಹೊರತೆಗೆದರು. ಅವನು ಹೆಸರು, ಪ್ರಮಾಣ, ತಾರೀಖು ಎಲ್ಲ ನೋಡಿ ತಲೆಯಾಡಿಸಿದ. ಅವರು ಆರನ್ನೂ ಅವಳ ಕೈಗಿಟ್ಟರು.

ಅವಳ ಕಣ್ಣು ತುಂಬಿತು. "ನಮ್ಮನೆಯವ್ರಿಗೆ ಲಂಗ್ಸ್ ತೊಂದರೆ ಅಕ್ಕ. ನಿಮ್ಮನೇಲಿ ಯಾರಿಗೆ?"

"ನಮ್ಮ ಯಜಮಾನ್ರಿಗೆ."

"ಇದ್ರಿಂದ ಹುಷಾರಾದ್ರಾ?"

ವಿಶಾಲಾಕ್ಷಿ ಚೀಲವನ್ನು ಹೆಗಲಿಗೇರಿಸಿಕೊಂಡರು.

"ಹೂಂ ಕಣಮ್ಮ, ಹುಷಾರಾದ್ರು," ಎಂದು ಹೇಳಿ, ಗಂಡನ ಮರಣ ಪ್ರಮಾಣಪತ್ರ ತರಲು ಪುರಸಭೆಯ ಕಡೆಗೆ ನಡೆದರು.