ಲೋರೆಂಟ್ಸನ ಫ್ಲಾಸ್ಕು

“ಶಾಲೆಯನ್ನೇ ಅರ್ಧಕ್ಕೆ ಬಿಟ್ಟವನು. ಕಳೆ ಯಾವುದು ಬೆಳೆ ಯಾವುದು ಅಂತ ಇವನಿಗೇನು ಗೊತ್ತಾಗಬೇಕು ಬಿಡಿ,” ಎಂದ ಲೋರೆಂಟ್ಸ್. ಜರ್ಮನಿಯ ಕೆಮ್ನಿಟ್ಸ್ ಊರಿನ ರೈಲು ಹಳಿ ಪಕ್ಕದ ಬಾಡಿಗೆ ತೋಟಗಳ ಸಂಘಕ್ಕೆ ಅವನೇ ಅಧ್ಯಕ್ಷ. ಅವತ್ತು ವರ್ಷದ ತಪಾಸಣೆ, ಈಗ ರಿಕೊನ ತೋಟದ ಸರದಿ. ಬೆನ್ನಿಗೆ ಬಂದಿದ್ದ ಅಕ್ಕಪಕ್ಕದ ತೋಟದವರು ನಕ್ಕರು.

ರಿಕೊನ ಕಿವಿ ಕಾದವು. ಹೂ ಬಿಡಿಸುವ ಮರದ ಬಾಚಣಿಗೆ ಇನ್ನೂ ಅವನ ಕೈಯಲ್ಲೇ ಇತ್ತು.

“ಅದು ಕಳೆಯಲ್ಲ, ಕ್ಯಾಮೊಮೈಲ್. ಕಷಾಯದ ಹೂ, ಅಮ್ಮ ಹಾಕಿದ್ದು.”

“ನಿಮ್ಮಮ್ಮ ಪಾಪ, ಒಂದು ಪಾತಿ ಹಾಕಿದ್ಲು. ಈಗ ಆಲೂಗಡ್ಡೆ ಸಾಲಲ್ಲೂ ಅದೇ, ಕಾಲುದಾರೀಲೂ ಅದೇ. ಭಾನುವಾರದೊಳಗೆ ಬುಡಸಮೇತ ಕಿತ್ತಿರಬೇಕು. ಇಲ್ಲಾಂದ್ರೆ ಈ ತೋಟ ಬೇರೆಯವರಿಗೆ ಹೋಗುತ್ತೆ.”

ಅಮ್ಮ ಸತ್ತ ಮೇಲೆ ರಿಕೊಗೆ ತನ್ನದು ಅಂತ ಉಳಿದದ್ದು ಇದೊಂದೇ.

ಲೋರೆಂಟ್ಸ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಅದಕ್ಕೇ ಬಿಸಿ ಕಷಾಯ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದ. ಸೇಬಿನಂಥ ವಾಸನೆ ಬಂತು. ಅಮ್ಮನ ಅಡುಗೆಮನೆಯ ವಾಸನೆ. ರಿಕೊಗೆ ಅದು ಎಲ್ಲಿಯದೆಂದು ಗೊತ್ತಿತ್ತು. ಬೇಸಿಗೆ ಶುರುವಾದಾಗಿನಿಂದ ಲೋರೆಂಟ್ಸನ ಹೆಂಡತಿ ಗುಡ್ರುನ್ ಹಿಂದಿನ ಗೇಟಿನಿಂದ ಬಂದು ಏಪ್ರನ್ ತುಂಬ ಹೂ ಬಿಡಿಸಿಕೊಂಡು ಹೋಗುತ್ತಿದ್ದಳು.

“ಆಪರೇಷನ್ ಆದ್ಮೇಲೆ ಅವರ ಹೊಟ್ಟೇಲಿ ನಿಲ್ಲೋದು ಇದೊಂದೇ ಕಣೋ,” ಎಂದಿದ್ದಳು. “ಅಂಗಡೀದು ಕುಡಿದ್ರೆ ವಾಂತಿ. ನಿನ್ನ ತೋಟದ್ದು ಅಂತ ಗೊತ್ತಾದ್ರೆ ಸತ್ರೂ ಮುಟ್ಟಲ್ಲ. ನಮ್ಮಕ್ಕ ಕಳಿಸಿದ್ದು ಅಂದಿದ್ದೀನಿ.”

ಲೋರೆಂಟ್ಸ್ ಬಾಯಿ ಒರೆಸಿಕೊಂಡ. “ಏನೋ, ನಾಲಿಗೆ ಬಿದ್ದುಹೋಯ್ತಾ? ಈ ಕಸ ಯಾರಿಗೆ ಉಪಯೋಗ? ಒಬ್ಬರ ಹೆಸರು ಹೇಳು, ಕೀಳೋದೇ ಬೇಡ ಅಂತ ಇವತ್ತೇ ಬಿಟ್ಟುಬಿಡ್ತೀನಿ.”

ಹೆಸರು ರಿಕೊನ ಹಲ್ಲಿನ ತನಕ ಬಂದಿತ್ತು. ಅಂದುಬಿಟ್ಟರೆ ತೋಟ ಉಳಿಯುತ್ತಿತ್ತು, ನಕ್ಕವರೆಲ್ಲ ಈ ಮುದುಕನ ಕಡೆ ತಿರುಗಿ ನಗುತ್ತಿದ್ದರು. ಗುಂಪಿನ ಹಿಂದೆ ಗುಡ್ರುನ್ ನಿಂತಿದ್ದಳು. ಏಪ್ರನ್ನಿನ ಅಂಚು ಅವಳ ಮುಷ್ಟಿಯಲ್ಲಿತ್ತು. ಲೋರೆಂಟ್ಸನ ಕತ್ತು ಅಂಗಿಯ ಕಾಲರಿನೊಳಗೆ ಒಣಕಡ್ಡಿಯಂತೆ ಅಲ್ಲಾಡುತ್ತಿತ್ತು.

ರಿಕೊ ಎಲ್ಲರನ್ನೂ ದಾಟಿ, ಗುಡ್ರುನ್ ಬರುತ್ತಿದ್ದ ಹಿಂದಿನ ಗೇಟಿಗೆ ನಡೆದ. ಅದರ ಚಿಲಕ ತೆಗೆದ. ಬಾಚಣಿಗೆಯನ್ನು ಆ ಚಿಲಕಕ್ಕೇ ನೇತುಹಾಕಿ, ತಿರುಗಿ ನೋಡದೆ ಹೊರಟುಹೋದ.