ಆಳ ನೋಡುವ ಗಳ

ಆಳ ತೋರಿಸುವ ಮೆಷಿನ್ನಿನ ಸೆನ್ಸರ್ ಕೂರಿಸಲು ನಾಗವೇಣಿ ಡ್ರಿಲ್ಲಿನ ಮೊನೆಯನ್ನು ದೋಣಿಯ ಹಿಂಬದಿಗೆ ಒತ್ತಿದಳು. ಮಾವ ಶಾಂತಾರಾಮ ಕೈ ಅಡ್ಡ ಹಿಡಿದ.

"ತೂತು ಬ್ಯಾಡ. ಪೂಜೆ ಮಾಡಿ ನೀರಿಗೆ ಇಳ್ಸಿದ ದೋಣಿ ಅದು."

"ಕಾಳಿ ಹೊಳೆ ಅಳಿವೇಲಿ ಮರಳು ದಿನಾ ಜಾಗ ಬದಲಿಸ್ತದೆ, ಮಾವ. ಮೊನ್ನೆ ನಿಮ್ಮ ಗಳ ತಳ ಮುಟ್ಟೂದ್ರೊಳಗೆ ದೋಣಿ ಮರಳಿಗೆ ಹತ್ತಿತ್ತು. ಈ ಮೆಷಿನ್ ಇಲ್ದೆ ನಾ ಇನ್ನು ದೋಣಿ ಬಿಡೂದಿಲ್ಲ." ಅವಳು ಡ್ರಿಲ್ ಕೆಳಗಿಡಲಿಲ್ಲ.

ಶಾಂತಾರಾಮ ಎದ್ದುಹೋಗಿ ತನ್ನ ಬಿದಿರಿನ ಗಳ ತಂದ. ಹರೆಯದಿಂದ ಅದನ್ನೇ ಇಳಿಸಿ ನೀರಿನ ಆಳ ನೋಡಿದವನು. ಬೇರೆಯವರಿಗೆ ಮುಟ್ಟಲೂ ಬಿಟ್ಟವನಲ್ಲ. ದೋಣಿಯ ಬದಿಗೆ ಅದನ್ನು ನಿಲ್ಲಿಸಿ ನೋಡಿದ. ತೀರಾ ಉದ್ದವಿತ್ತು.

"ಸೆನ್ಸರ್ ಇದ್ರ ತುದಿಗೆ ಕಟ್ಟಿ, ಗಳ ದೋಣಿ ಬದಿಗೆ ಬಿಗಿ. ತೂತು ಬೇಕಾಗೂದಿಲ್ಲ" ಎಂದವನು ಗಳದ ಮೇಲೆ ಮೊಣಕಾಲೂರಿ ಗರಗಸ ಎಳೆಯತೊಡಗಿದ.